ಹಳೆಯ ಸುರಂಗವನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು ಕಡೆಯ ಹಳೆಯ ಅಡಿಕೆ ತೋಟಗಳಲ್ಲಿ ಈಗ ನೀರು ಕೊಡುತ್ತಿರುವುದು ಕೊಳವೆಬಾವಿಯೇ ಆಗಿದ್ದರೂ, ಗುಡ್ಡದ ಬುಡದ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ನೀರಿಗಾಗಿ ಅಡ್ಡಕ್ಕೆ ಕೊರೆದ ಒಂದು ಸುರಂಗದ ಬಳ್ಳಿ ಮುಚ್ಚಿದ ಬಾಯಿ ಹೆಚ್ಚಾಗಿ ಕಾಣಸಿಗುತ್ತದೆ. ಅಜ್ಜನ ಕಾಲದಲ್ಲಿ ಅದೇ ನೀರನ್ನು ಕುಡಿದು, ಅದೇ ನೀರಿನಿಂದ ತೋಟ ಎಬ್ಬಿಸಿದ ಮನೆಗಳಲ್ಲಿ ಇಂದು ಉಳಿದಿರುವುದು ಅದು ಬತ್ತಿದೆ ಎಂಬ ಮಾತು ಮಾತ್ರ. ಆದರೆ ಬತ್ತಿದೆ ಎನ್ನುವ ಸುರಂಗಗಳಲ್ಲಿ ಕೆಲವು ನಿಜವಾಗಿ ಬತ್ತಿರುತ್ತವೆ, ಕೆಲವು ಒಳಗೆ ಮಣ್ಣು ಕುಸಿದು ನೀರಿನ ದಾರಿ ಕಟ್ಟಿಕೊಂಡಿರುತ್ತವೆ, ಇನ್ನು ಕೆಲವು ಕಡುಬೇಸಗೆಯಲ್ಲಿಯೂ ಸಣ್ಣಗೆ ಹರಿಯುತ್ತಿದ್ದರೂ ಪಂಪಿನ ರಭಸಕ್ಕೆ ಒಗ್ಗಿದ ಕಣ್ಣಿಗೆ ಲೆಕ್ಕಕ್ಕೇ ಬರುವುದಿಲ್ಲ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಿ, ಉಳಿಸಬಹುದಾದ ಸುರಂಗವನ್ನು ಮನೆಬಳಕೆಗೆ ತರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೊಸ ಸುರಂಗ ಕೊರೆಯುವ ವಿಚಾರವನ್ನು ಎತ್ತಿಕೊಂಡಿಲ್ಲ. ಗಡಿಯಾಚೆ ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಮೊದಲು ಕೊರೆದವು ನೀರು ಕೊಡದೆ ಹೋದರೂ ಬಿಡದೆ, ಕೊನೆಗೆ ನೀರು ಕಂಡು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಛಲವನ್ನು ಮೆಚ್ಚಬಹುದು, ಆದರೆ ಕೊರೆಯುವ ವಿದ್ಯೆಯನ್ನು ಬರಹ ಓದಿ ಕಲಿಯಲಾಗದು. ಅದು ಬಲ್ಲವರ ಜೊತೆ ವರ್ಷಗಟ್ಟಲೆ ಕೈಯಾಡಿಸಿ ಬರಬೇಕಾದದ್ದು.

ಗುಡ್ಡದೊಳಗೆ ನೀರು ನಿಲ್ಲುವ ಬಗೆ

ಸುರಂಗದಲ್ಲಿ ಕೈಯಿಡುವ ಮೊದಲು ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು. ಇಲ್ಲವಾದರೆ ಹೂಳು ತೆಗೆದ ಮರುದಿನವೇ ನೀರು ಧುಮುಕಬೇಕೆಂದು ನಿರೀಕ್ಷಿಸಿ ನಿರಾಶರಾಗುವವರೇ ಹೆಚ್ಚು. ನಮ್ಮ ಪದವುಗಳ, ಎಂದರೆ ಗುಡ್ಡದ ನೆತ್ತಿಯ ಬಯಲುಗಳ, ಮೇಲ್ಪದರ ಮುರಕಲ್ಲು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟನು. ನೆಲದೊಳಗಿರುವಾಗ ಕಬ್ಬಿಣದ ಹತ್ಯಾರಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಯಾವ ಆಧಾರಗಂಬವೂ ಕಟ್ಟೋಣವೂ ಇಲ್ಲದ ಸುರಂಗವೊಂದು ತಲೆಮಾರುಗಳ ಕಾಲ ನಿಂತಿರುವುದಕ್ಕೆ ಈ ಗುಣವೇ ಕಾರಣ.

ಮುರಕಲ್ಲಿನ ಮೈತುಂಬ ತೂತುಗಳಿರುವುದರಿಂದ ಮಳೆನೀರು ಅದರೊಳಗೆ ಬೇಗ ಇಳಿಯುತ್ತದೆ. ಅದರ ಕೆಳಗಿರುವುದು ಶೇಡಿ ಮಣ್ಣು: ಬಿಳಿ, ನಸುಗೆಂಪು, ಹಳದಿ ಬಣ್ಣಗಳ, ಬೆರಳಿಗೆ ನುಣ್ಣಗೆ ಹತ್ತುವ ಜೇಡಿ. ಶೇಡಿ ನೀರನ್ನು ಹಿಡಿಯುತ್ತದೆ, ಆದರೆ ಬಿಟ್ಟುಕೊಡುವುದು ಬಹಳ ನಿಧಾನ. ಮೇಲಿನಿಂದ ಇಳಿದ ನೀರು ಈ ಎರಡು ಪದರಗಳ ಸಂಧಿಗೆ ಬಂದಾಗ ಕೆಳಕ್ಕೆ ಹೋಗಲಾರದೆ ಅಡ್ಡಕ್ಕೆ ಸರಿಯುತ್ತದೆ. ಸುರಂಗ ಕೊರೆಯುವವರು ಹುಡುಕಿಕೊಂಡು ಹೋಗುವುದು ಆ ಸಂಧಿಯ ಒಸರನ್ನೇ. ಒಸರು ಎಷ್ಟು ಬರುತ್ತದೆ ಎಂಬುದಕ್ಕೆ ಒಂದು ನಿಯಮವಿದೆ. ಫ್ರಾನ್ಸಿನ ದಿಜಾನ್ ನಗರಕ್ಕೆ ನೀರು ಪೂರೈಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ, 1856ರಲ್ಲಿ ಅದನ್ನು ಪ್ರಕಟಿಸಿದನು. ನೀರಿನ ಮಟ್ಟದ ಅಂತರ ಹೆಚ್ಚಿದಷ್ಟು ಹರಿವು ಹೆಚ್ಚುತ್ತದೆ, ದೂರ ಹೆಚ್ಚಿದಷ್ಟು ಕುಗ್ಗುತ್ತದೆ, ಉಳಿದದ್ದು ಆ ಮಣ್ಣಿನ ಗುಣಕ್ಕೆ ಬಿಟ್ಟದ್ದು. ಸುರಂಗಕ್ಕೆ ಇದನ್ನು ಅನ್ವಯಿಸಿದರೆ, ಮಣ್ಣಿನ ಗುಣ ನಮ್ಮ ಕೈಯಲ್ಲಿಲ್ಲ, ದೂರವೂ ಆಗಿಹೋದ ಸಂಗತಿ. ನಾವು ಬದಲಿಸಬಹುದಾದದ್ದು ಗುಡ್ಡದೊಳಗಿನ ನೀರಿನ ಮಟ್ಟ ಒಂದನ್ನೇ. ಆದ್ದರಿಂದ ಕೆಲಸದ ಅರ್ಧ ಭಾಗ ಸುರಂಗದ ಒಳಗಿದ್ದರೆ ಉಳಿದರ್ಧ ಅದರ ನೆತ್ತಿಯ ಮೇಲಿನ ಗುಡ್ಡದಲ್ಲಿದೆ. ಈ ಎರಡನೆಯ ಅರ್ಧವನ್ನು ಬಿಟ್ಟುಬಿಡುವವರೇ ಬಹಳ.

ಮೊದಲು ಅಳತೆ

ಅಳೆಯದೆ ಖರ್ಚು ಮಾಡಬಾರದು. ಮಳೆಗಾಲದಲ್ಲಿ ಎಲ್ಲ ಸುರಂಗಗಳೂ ಹರಿಯುತ್ತವೆ; ಆಗಿನ ಅಳತೆಗೆ ಬೆಲೆಯಿಲ್ಲ. ಡಿಸೆಂಬರಿನಿಂದ ಮೇ ಕೊನೆಯವರೆಗೆ ತಿಂಗಳಿಗೊಮ್ಮೆ, ಸಾಧ್ಯವಾದರೆ ಒಂದೇ ತಾರೀಕಿನಂದು ಬೆಳಗ್ಗೆ, ಹರಿವನ್ನು ಅಳೆದು ಬರೆದಿಡಬೇಕು. ಸುರಂಗದ ಬಾಯಿಯಲ್ಲಿ ಮಣ್ಣಿನ ಸಣ್ಣ ಅಡ್ಡಗಟ್ಟೆ ಹಾಕಿ, ಅದರ ಮೂಲಕ ಒಂದು ತುಂಡು ಪಿವಿಸಿ ಪೈಪು ಇಟ್ಟು, ಎಲ್ಲ ನೀರೂ ಪೈಪಿನಿಂದಲೇ ಬೀಳುವಂತೆ ಸುತ್ತ ಜೇಡಿಮಣ್ಣು ಮೆತ್ತಬೇಕು. ಹಿಂದೆ ಇದಕ್ಕೆ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆ ಇಡುತ್ತಿದ್ದರು, ಈಗಲೂ ದಂಬೆ ಸಿಕ್ಕಿದರೆ ಸಾಕು. ಕಟ್ಟೆಯ ಹಿಂದೆ ನೀರು ಏರಿ ಹರಿವು ಒಂದೇ ಸಮನಾಗುವವರೆಗೆ ಅರ್ಧ ಗಂಟೆ ಕಾದು, ಅಳತೆ ಗೊತ್ತಿರುವ ಬಕೆಟ್ಟನ್ನು ಕೆಳಗಿಟ್ಟು, ತುಂಬಲು ತಗಲುವ ಹೊತ್ತನ್ನು ಮೂರು ಸಲ ನೋಡಿ ಸರಾಸರಿ ತೆಗೆಯಬೇಕು.

ಹತ್ತು ಲೀಟರಿನ ಬಕೆಟ್ಟು ತುಂಬಲು ಐದು ನಿಮಿಷ ಹಿಡಿಯಿತೆನ್ನೋಣ. ನಿಮಿಷಕ್ಕೆ ಎರಡು ಲೀಟರ್. ಕಂಡವರು ಇದೇನು ನೀರು ಎನ್ನುವಷ್ಟು ಸಣ್ಣ ಧಾರೆ. ಆದರೆ ಸುರಂಗ ರಾತ್ರಿಯೂ ಹರಿಯುತ್ತದೆ, ಕರೆಂಟು ಹೋದಾಗಲೂ ಹರಿಯುತ್ತದೆ. ದಿನಕ್ಕೆ 2,880 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡಿರುವ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಆ ಲೆಕ್ಕದಲ್ಲಿ ಈ ಸಣ್ಣ ಧಾರೆ 52 ಮಂದಿಗೆ ಸಾಲುತ್ತದೆ. ತೋಟದ ಲೆಕ್ಕ ಬೇರೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ಹಿಡಿದರೆ ಅಷ್ಟೇ ನೀರು ಹೆಚ್ಚೆಂದರೆ 140ರಿಂದ 180 ಮರಗಳಿಗೆ ಸಾಕು. ಸ್ಪ್ರಿಂಕ್ಲರಿನಲ್ಲಿ ಹಾರಿಸಿದರೆ ಏನೂ ಉಳಿಯದು. ಆದುದರಿಂದ ಸುರಂಗವನ್ನು ಮೊದಲು ಅಡುಗೆಮನೆಯ ಮತ್ತು ದನದ ಹಟ್ಟಿಯ ನೀರಾಗಿ ಯೋಚಿಸಿ, ಮಿಕ್ಕದ್ದನ್ನು ತೋಟಕ್ಕೆ ಬಿಡುವುದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಬಾಯಿಯ ಹತ್ತಿರ ಒಂದು ರಾತ್ರಿಯ ಹರಿವನ್ನಾದರೂ ಹಿಡಿಯುವ ಟ್ಯಾಂಕಿ ಇಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ತೋಟದಲ್ಲಿ ಕೊಳವೆಬಾವಿ ಇದ್ದರೆ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಮಾರ್ಚ್ ತಿಂಗಳಿನಲ್ಲಿ ಎಂಟು ಹತ್ತು ದಿನ ಪಂಪು ನಿಲ್ಲಿಸಿ, ಆ ಅವಧಿಯಲ್ಲಿ ದಿನವೂ ಸುರಂಗದ ಹರಿವನ್ನು ಅಳೆಯಬೇಕು. ಆ ತಿಂಗಳಿನಲ್ಲಿ ತಾನಾಗಿ ಇಳಿಯಬೇಕಾದ ಹರಿವು ಇಳಿಯದೆ ನಿಂತರೆ ಅಥವಾ ಸ್ವಲ್ಪ ಏರಿದರೆ, ಎರಡಕ್ಕೂ ನೀರಿನ ಮೂಲ ಒಂದೇ ಎಂದು ತಿಳಿಯಬೇಕು. ಕೊಳವೆಬಾವಿ ಆಳದ ಕಗ್ಗಲ್ಲಿನ ಬಿರುಕಿನಿಂದ ಎಳೆಯುತ್ತಿದ್ದು, ಮೇಲ್ಪದರದಲ್ಲಿ ಕೇಸಿಂಗ್ ಪೈಪು ಭದ್ರವಾಗಿದ್ದರೆ ಸುರಂಗದ ಹರಿವಿನಲ್ಲಿ ವ್ಯತ್ಯಾಸ ಕಾಣದೆಯೂ ಇರಬಹುದು.

ಒಳಗೆ ಹೋಗುವ ಮುನ್ನ

ಕೆಲಸಕ್ಕೆ ತಕ್ಕ ಕಾಲ ಜನವರಿಯಿಂದ ಮೇ ಮಧ್ಯದವರೆಗೆ. ನಡುವೆ ತುಳು ಪಂಚಾಂಗದ ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯ ಎರಡನೆಯ ವಾರದಲ್ಲಿ, ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದ ದಿನಗಳೆಂದು ತುಳುವರ ಮನೆಗಳಲ್ಲಿ ಆಗ ಮಣ್ಣಿಗೆ ಹಾರೆ ಹಾಕುವುದಿಲ್ಲ. ಕೆಲಸದವರೂ ಒಪ್ಪುವುದಿಲ್ಲ, ಒಪ್ಪಿಸಲು ಹೋಗಲೂಬಾರದು. ಇತ್ತ ಪತ್ತನಾಜೆಯನ್ನು, ಎಂದರೆ ಮೇ 24-25ರ ಸುಮಾರನ್ನು, ಕೊನೆಯ ಗಡುವೆಂದು ಇಟ್ಟುಕೊಳ್ಳಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನದ ಬಳಿಕ ಯಾವ ಹೊತ್ತಿಗೂ ಮಳೆ ಹಿಡಿಯಬಹುದು, ಮಳೆ ಹಿಡಿದ ಮೇಲೆ ಸುರಂಗದ ಒಳಗೆ ಯಾರೂ ಇರಬಾರದು. ನೀರು ಕುಡಿದ ಶೇಡಿಗೆ ಬಲವಿರುವುದಿಲ್ಲ. ಬೇಸಗೆಯಲ್ಲಿ ಗೋಡೆಯಂತೆ ನಿಂತದ್ದು ಆಷಾಢದಲ್ಲಿ ತಾನಾಗಿ ಇಳಿಯುತ್ತದೆ.

ಮುಚ್ಚಿದ ಸುರಂಗದಲ್ಲಿ ಗಾಳಿ ಕೆಟ್ಟಿರುತ್ತದೆ. ಮೊಂಬತ್ತಿ ಹಿಡಿದು ಹೋಗಿ, ಅದು ಆರಿದಲ್ಲಿಂದ ಹಿಂದಕ್ಕೆ ಬರುವುದು ಹಳಬರ ಕ್ರಮ. ಮೊಂಬತ್ತಿ ಆರಿದರೆ ಖಂಡಿತವಾಗಿ ಅಪಾಯ ಎಂದು ತಿಳಿಯಬಹುದು, ಆದರೆ ಆರದಿದ್ದರೆ ಅಪಾಯವಿಲ್ಲ ಎಂದು ತಿಳಿಯಲಾಗದು. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ, ಇಕ್ಕಟ್ಟಾದ ಜಾಗಗಳಲ್ಲಿ ಕೆಲಸ ಮಾಡಲು ಶೇ. 19.5ಕ್ಕಿಂತ ಕಡಿಮೆ ಇರಕೂಡದು. ಇದನ್ನು ತೋರಿಸುವ ಕೈಯಳತೆಯ ಮೀಟರ್ ಬಾಡಿಗೆಗೆ ಸಿಕ್ಕಿದರೆ ಅದೇ ಸರಿ. ಸಿಗದಿದ್ದರೆ ಬಾಯಿಯನ್ನು ಪೂರ್ತಿ ತೆರೆದು ಕೆಲವು ದಿನ ಬಿಟ್ಟು, ಬ್ಲೋವರಿನಿಂದ ಕೊಳವೆಯ ಮೂಲಕ ಕೊನೆಯವರೆಗೆ ಗಾಳಿ ಊದಿಸಿ ಆಮೇಲೆ ಮೊಂಬತ್ತಿಯೊಡನೆ ಹೋಗಬೇಕು. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನನ್ನು ಯಾವ ಕಾರಣಕ್ಕೂ ಒಳಗೆ ಒಯ್ಯಬಾರದು. ಬಾಯಿಯ ಹತ್ತಿರವೂ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಳಗೆ ಹೋಗುವವರ ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್ಟು, ಹೊರಗೆ ಕನಿಷ್ಠ ಇಬ್ಬರು ಇರಲೇಬೇಕು. ಒಳಗಿದ್ದವರು ಕುಸಿದುಬಿದ್ದರೆ ಅವರನ್ನು ತರಲು ಇನ್ನೊಬ್ಬರು ನುಗ್ಗಬಾರದು. ಹಗ್ಗದಿಂದ ಎಳೆಯಬೇಕು, ಅಗ್ನಿಶಾಮಕದಳವನ್ನು ಕರೆಯಬೇಕು.

ಒಳಗಿನ ಕೆಲಸ

ಸುರಂಗದ ಉದ್ದವನ್ನು ಇಲ್ಲಿ ಕೋಲಿನಲ್ಲಿ ಹೇಳುವ ರೂಢಿಯಿದೆ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಬ್ಬರು ನೆಟ್ಟಗೆ ನಡೆಯುವಷ್ಟು ಎತ್ತರ, ಇಬ್ಬರು ಎದುರುಬದುರಾಗಿ ದಾಟಲಾರದಷ್ಟು ಅಗಲ, ಇದು ಸಾಮಾನ್ಯ ಆಕಾರ. ಬಾಯಿಯಿಂದ ಆರಂಭಿಸಿ ಪ್ರತಿ ಹತ್ತು ಕೋಲಿಗೆ ಗೋಡೆಯ ಮೇಲೆ ಸುಣ್ಣದ ಗುರುತು ಹಾಕುತ್ತ, ಎಲ್ಲೆಲ್ಲಿ ಮುರಕಲ್ಲು ಮುಗಿದು ಶೇಡಿ ಕಾಣಿಸುತ್ತದೆ, ಎಲ್ಲಿ ಒಸರು ಇದೆ, ಎಲ್ಲಿ ಮೇಲ್ಭಾಗದಿಂದ ಕಲ್ಲು ಸಡಿಲಾಗಿ ಇಳಿದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಮುಂದಿನ ವರ್ಷಗಳಿಗೂ ಉಪಯೋಗವಾಗುತ್ತದೆ. ಮೊದಲ ದಿನ ಇಷ್ಟೇ ಕೆಲಸ ಸಾಕು.

ಕುಸಿದ ಮಣ್ಣಿನ ರಾಶಿ ದಾರಿಯನ್ನು ಅರ್ಧಕ್ಕಿಂತ ಮೇಲೆ ಮುಚ್ಚಿದ್ದು, ರಾಶಿಯ ಈಚೆಯ ಮುಖ ಒದ್ದೆಯಾಗಿ ಬುಡದಲ್ಲಿ ನೀರು ಜಿನುಗುತ್ತಿದ್ದರೆ, ಅದರ ಹಿಂದೆ ನೀರು ಕಟ್ಟಿ ನಿಂತಿದೆ ಎಂದೇ ಭಾವಿಸಬೇಕು. ಅಲ್ಲಿ ಪಿಕ್ಕಾಸು ಹಾಕಿದರೆ ನೀರೂ ಮಣ್ಣೂ ಒಟ್ಟಿಗೆ ಮೈಮೇಲೆ ಬರುತ್ತವೆ, ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ. ಇಂಥಲ್ಲಿ ಎರಡು ಇಂಚಿನ ಪೈಪಿನ ತುದಿಯನ್ನು ಚೂಪಾಗಿ ಕತ್ತರಿಸಿ, ರಾಶಿಯ ಮೇಲ್ಭಾಗದಿಂದ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ತಿರುಗಿಸಿ ನೂಕಬೇಕು. ಪೈಪಿನಲ್ಲಿ ನೀರು ಕಾಣಿಸಿಕೊಂಡ ಕೂಡಲೇ ಕೆಲಸ ನಿಲ್ಲಿಸಿ ಎಲ್ಲರೂ ಹೊರಗೆ ಬಂದು, ಹರಿವು ಕ್ಷೀಣಿಸುವವರೆಗೆ ಕಾಯಬೇಕು. ಆಮೇಲೆ ಇನ್ನೊಂದು ಪೈಪನ್ನು ಅದಕ್ಕಿಂತ ಒಂದಡಿ ಕೆಳಗೆ ಹಾಕಬೇಕು. ನೀರೆಲ್ಲ ಇಳಿಯಲು ಎರಡು ಮೂರು ದಿನ ಹಿಡಿದರೂ ಅವಸರ ಸಲ್ಲದು.

ಹೂಳು ತೆಗೆಯುವಾಗ ಒಬ್ಬರು ಕೆತ್ತಿ ಬುಟ್ಟಿ ತುಂಬಿಸುವುದು, ಇನ್ನೊಬ್ಬರು ನಡುವೆ ನಿಂತು ದಾಟಿಸುವುದು, ಮೂರನೆಯವರು ಹೊರಗೆ ಸುರಿಯುವುದು ಅನುಕೂಲ. ಮಣ್ಣನ್ನು ಪಕ್ಕದ ತೋಡಿಗೆ (ಸಣ್ಣ ಹೊಳೆಗೆ) ಸುರಿದರೆ ಕೆಳಗಿನವರ ಗದ್ದೆಗೆ ಹೋಗುತ್ತದೆ. ತೋಟದ ಬುಡಗಳಿಗೆ ಹಾಕುವುದು ಒಳ್ಳೆಯದು. ಮುಖ್ಯವಾದ ಎಚ್ಚರವೆಂದರೆ ನೆಲದ ಮಣ್ಣನ್ನು ಮಾತ್ರ ತೆಗೆಯಬೇಕು, ಮೇಲ್ಭಾಗವನ್ನೂ ಗೋಡೆಯನ್ನೂ ಚೊಕ್ಕಟ ಮಾಡುವ ಆಸೆಗೆ ಕೆರೆಯಬಾರದು. ಕಮಾನಿನಂತೆ ಬಗ್ಗಿದ ಮೇಲ್ಭಾಗ ಗಟ್ಟಿಕಟ್ಟಿದ ಪದರವನ್ನು ಕಳೆದುಕೊಂಡರೆ ಮತ್ತೆ ಸಡಿಲಾಗುತ್ತದೆ. ಶೇಡಿ ತೆರೆದುಕೊಂಡಿರುವಲ್ಲಿ ಮುರಕಲ್ಲಿನಿಂದ ಎರಡೂ ಬದಿ ಕಟ್ಟಿ ಮೇಲೆ ಕಾಂಕ್ರೀಟ್ ಹಾಸು ಇಡಬೇಕು. ಅಂಥ ಜಾಗ ಉದ್ದಕ್ಕೆ ಇದ್ದರೆ ಸುರಂಗದ ಒಳಭಾಗವನ್ನು ಬಿಟ್ಟುಬಿಟ್ಟು, ಪೈಪಿನ ಮೂಲಕ ಬರುವಷ್ಟು ನೀರಿಗೆ ತೃಪ್ತಿಪಡುವುದೇ ವಿವೇಕ.

ನೆಲದ ಇಳಿಜಾರು ಬಾಯಿಯ ಕಡೆಗೆ ಇರಬೇಕು, ಆದರೆ ಸಣ್ಣದಿರಬೇಕು. ಹತ್ತು ಮೀಟರಿಗೆ ಐದು ಸೆಂಟಿಮೀಟರ್ ಸಾಕು. ಹೆಚ್ಚಾದರೆ ನೀರು ನೆಲವನ್ನೇ ಕೊರೆಯುತ್ತದೆ. ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪಿನಿಂದ ಇದನ್ನು ನೋಡಬಹುದು. ಇದೇ ಸಮಸ್ಯೆಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಪರ್ಷಿಯಾದ ಗಣಿತಜ್ಞ ಅಲ್ ಕರಜಿ ನೆಲದಡಿಯ ನೀರನ್ನು ಹೊರತರುವ ಕುರಿತು ಬರೆದ ಗ್ರಂಥದಲ್ಲಿ ಎತ್ತಿಕೊಂಡು, ಮಟ್ಟ ನೋಡುವ ಉಪಕರಣಗಳನ್ನು ವಿವರಿಸಿದ್ದಾನೆ. ಅವನ ಮುಂದಿದ್ದದ್ದು ಕನಾತ್: ಉದ್ದಕ್ಕೂ ಬಾವಿಯಂಥ ಗಾಳಿಕಂಡಿಗಳನ್ನು ತೋಡಿ ಕೆಳಗಿನಿಂದ ಜೋಡಿಸಿ, ಮೈಲುಗಟ್ಟಲೆ ದೂರ ಒಯ್ಯುವ ಕಾಲುವೆ. ಇರಾನಿನ 11 ಕನಾತ್‌ಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರಿನ ನೌಬಾದಿನ ಕಾರೇಜ್ ಅದೇ ಜಾತಿಯದು. ನಮ್ಮ ಸುರಂಗ ಅರಬ್ಬೀ ಸಮುದ್ರದ ವ್ಯಾಪಾರದ ಜೊತೆ ಅಲ್ಲಿಂದ ಬಂದದ್ದು ಎಂದು ವಾದಿಸುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕನಾತ್ ಮಳೆಯಿಲ್ಲದ ಬಯಲುಸೀಮೆಗೆ ದೂರದ ಬೆಟ್ಟದ ನೀರನ್ನು ತರುವ ಊರ ಒಟ್ಟಿನ ಕೆಲಸ. ಸುರಂಗವೋ ಮಳೆ ಹೆಚ್ಚಾದ ಗುಡ್ಡದ ಬುಡದಲ್ಲಿ ಒಂದು ಮನೆಯವರು ತಮ್ಮ ಬರೆಯಲ್ಲೇ ಅಡ್ಡಕ್ಕೆ ತೋಡಿಕೊಂಡದ್ದು, ಹೆಚ್ಚಿನವಕ್ಕೆ ಗಾಳಿಕಂಡಿಯೂ ಇಲ್ಲ. ಒಸರು ಕಂಡಲ್ಲಿ ಅದರ ಬೆನ್ನು ಹತ್ತಿ ಹೋಗಲು ಯಾರಿಂದಲೂ ಕಲಿಯಬೇಕಾಗಿಲ್ಲ.

ಕೊನೆಯ ಒಸರಿನ ಎದುರು ಒಂದಡಿ ಎತ್ತರದ ಸಿಮೆಂಟಿನ ಅಡ್ಡಗಟ್ಟೆ ಕಟ್ಟಿ, ನೆಲದಿಂದ ಮೂರು ಇಂಚು ಮೇಲೆ ನೀರಿನ ಪೈಪು, ನೆಲಮಟ್ಟದಲ್ಲಿ ಕೆಸರು ಬಿಡಲು ಮುಚ್ಚಳವಿರುವ ಇನ್ನೊಂದು ಪೈಪು ಇಡಬೇಕು. ಕಟ್ಟೆಯ ಮೇಲೆ ಹಾಸುಕಲ್ಲು ಮುಚ್ಚಬೇಕು. ಸುರಂಗದಲ್ಲಿ ಬಾವಲಿಗಳು ಇರುತ್ತವೆ, ಅವುಗಳ ಹಿಕ್ಕೆ ನೆಲದ ನೀರಿಗೆ ಬೀಳುತ್ತದೆ. ಹೊಗೆ ಹಾಕಿ ಓಡಿಸುವ ಬದಲು ನೀರನ್ನೇ ಅವುಗಳ ಕೆಳಗಿನಿಂದ ಪೈಪಿನೊಳಗೆ ತರುವುದು ಸುಲಭ. ಬಾಯಿಗೆ ಅಡ್ಡ ಸರಳಿನ ಗೇಟು ಇಟ್ಟರೆ ಮಕ್ಕಳು, ದನಕರು ಹೋಗುವುದು ತಪ್ಪುತ್ತದೆ.

ಕುಡಿಯಲು ಯೋಗ್ಯವೇ?

ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಶುದ್ಧ ನೀರನ್ನು ಮಾನವ ಹಕ್ಕೆಂದು ಅಂಗೀಕರಿಸಿತು. ಆದರೂ 2022ರಲ್ಲಿ ಜಗತ್ತಿನ ಸುಮಾರು 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರು ಇರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ವರದಿ ಹೇಳುತ್ತದೆ. ಸುರಕ್ಷಿತ ಎನ್ನಲು ಅವು ಇಟ್ಟ ಅಳತೆಗೋಲು ಮೂರು: ನೀರು ಮನೆಯ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲಿನವಾಗಿರಬಾರದು. ಸುರಂಗ ಮೊದಲನೆಯದನ್ನು ತಾನಾಗಿಯೇ ಗೆಲ್ಲುತ್ತದೆ, ಎರಡನೆಯದು ಮೇ ತಿಂಗಳಿನ ಅಳತೆಯಿಂದ ಗೊತ್ತಾಗುತ್ತದೆ. ಮೂರನೆಯದನ್ನು ನಾವು ನಾಲಿಗೆಯಿಂದ ತೀರ್ಮಾನಿಸುತ್ತೇವೆ. ಸುರಂಗದ ನೀರು ತಂಪು, ಸಿಹಿ ಎನ್ನುವುದು ನಿಜವೇ. ಆದರೆ ರೋಗಾಣುವಿಗೆ ರುಚಿಯಿಲ್ಲ.

ಹೂಳು ತೆಗೆದು ಎರಡು ವಾರ ನೀರು ಹರಿದುಹೋಗಲು ಬಿಟ್ಟು, ಆಮೇಲೆ ಮಾದರಿಯನ್ನು ಪರೀಕ್ಷೆಗೆ ಕೊಡಬೇಕು. ಮತ್ತೊಮ್ಮೆ ಮೊದಲ ಮಳೆಯ ಬಳಿಕ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು, 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮುರಕಲ್ಲಿನ ನೀರಿನಲ್ಲಿ ಪಿಎಚ್ 6.5ಕ್ಕಿಂತ ಕೆಳಗಿರುವುದು ಸಾಮಾನ್ಯ. ಅದು ಲೋಹದ ಪೈಪನ್ನು ತಿನ್ನುತ್ತದೆ, ಆದ್ದರಿಂದ ಪಿವಿಸಿ ಪೈಪು ಮತ್ತು ಸಿಮೆಂಟಿನ ಟ್ಯಾಂಕಿ ಒಳ್ಳೆಯದು. ಇ. ಕೋಲಿ ಕಂಡುಬಂದರೆ ಸುರಂಗದೊಳಗೆ ಔಷಧಿ ಸುರಿದು ಪ್ರಯೋಜನವಿಲ್ಲ, ಹರಿಯುವ ನೀರಿನಲ್ಲಿ ಅದು ಹೋಗಿಬಿಡುತ್ತದೆ. ಟ್ಯಾಂಕಿಯಲ್ಲಿ ನಿಂತ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಬೇಕು. ಕುಡಿಯುವ ನೀರನ್ನು ಕುದಿಸುವ ರೂಢಿ ನಮ್ಮ ಮನೆಗಳಲ್ಲಿ ಹೇಗೂ ಇದೆ, ಅದನ್ನು ಬಿಡಬೇಕಾಗಿಲ್ಲ.

ಇನ್ನೊಂದು ವಿಚಾರವನ್ನು ಕಾಸರಗೋಡಿನವರು ಮರೆಯುವಂತಿಲ್ಲ. ಇಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆಯಂಥ ಊರುಗಳಲ್ಲಿ ಜನ ಕುಡಿಯುತ್ತಿದ್ದದ್ದು ಅದೇ ಗುಡ್ಡಗಳ ಬುಡದ ಸುರಂಗ, ತೋಡುಗಳ ನೀರನ್ನು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಬಳಕೆಯನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ಸುರಂಗದ ನೆತ್ತಿಯ ಮೇಲಿನ ಗುಡ್ಡದಲ್ಲಿ ಏನು ಬೆಳೆಯುತ್ತಾರೆ, ಏನು ಸಿಂಪಡಿಸುತ್ತಾರೆ, ಶೌಚದ ಹೊಂಡ ಎಲ್ಲಿದೆ ಎಂಬುದನ್ನು ವಿಚಾರಿಸದೆ ನೀರು ಕುಡಿಯಬಾರದು. ಕಳೆನಾಶಕ, ಕೀಟನಾಶಕಗಳ ಅನುಮಾನವಿದ್ದರೆ ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು; ಸಾಧಾರಣ ಪರೀಕ್ಷೆಯಲ್ಲಿ ಅವು ತಿಳಿಯುವುದಿಲ್ಲ.

ಗುಡ್ಡದ ಕೆಲಸ

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಒಂದು ಎಕ್ರೆ ಪದವಿನ ಮೇಲೆ ಬೀಳುವುದು ಸುಮಾರು 1 ಕೋಟಿ 40 ಲಕ್ಷ ಲೀಟರ್. ಮೇಲೆ ಲೆಕ್ಕ ಹಾಕಿದ ಸಣ್ಣ ಧಾರೆ ಇಡೀ ವರ್ಷ ಹರಿದರೂ ಅದಕ್ಕೆ ಬೇಕಾದದ್ದು ಹತ್ತೂವರೆ ಲಕ್ಷ ಲೀಟರ್, ಹದಿಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕೊರತೆ ಮಳೆಯದ್ದಲ್ಲ, ಅದನ್ನು ನಿಲ್ಲಿಸಿ ಇಳಿಸುವ ಕ್ರಮದ್ದು. ಶ್ರೀಪಡ್ರೆಯವರಂಥ ಜಲಪತ್ರಕರ್ತರು ಇದೇ ಊರುಗಳಿಂದ ಇದನ್ನು ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ.

ಹಳಬರ ಮದಕ ಇದಕ್ಕಾಗಿಯೇ ಇದ್ದದ್ದು. ಗುಡ್ಡದ ತಗ್ಗಿನಲ್ಲಿ ಒಂದು ಬದಿಗೆ ಕಟ್ಟೆ ಹಾಕಿ ಮಳೆನೀರು ನಿಲ್ಲಿಸಿದರೆ ಅದು ನಿಧಾನವಾಗಿ ಇಳಿದು ಕೆಳಗಿನ ಸುರಂಗ, ಬಾವಿಗಳಿಗೆ ಸೇರುತ್ತದೆ. ನಿಮ್ಮ ಗುಡ್ಡದಲ್ಲಿ ಹೂಳು ತುಂಬಿದ ಮದಕವಿದ್ದರೆ ಮೊದಲು ಅದರ ಹೂಳು ತೆಗೆಯಿರಿ. ಸುರಂಗಕ್ಕೆ ಮಾಡುವ ಯಾವ ಖರ್ಚಿಗಿಂತಲೂ ಇದು ಹೆಚ್ಚು ಫಲ ಕೊಡುತ್ತದೆ. ಮದಕವಿಲ್ಲದಲ್ಲಿ, ಸಮತಟ್ಟಾದ ಜಾಗದಲ್ಲಿ ಒಂದೂವರೆ ಅಡಿ ಆಳದ ಇಂಗುಗುಂಡಿಗಳನ್ನು ಇಳಿಜಾರಿಗೆ ಅಡ್ಡವಾಗಿ ತೋಡಬಹುದು. ಕೆಲಸ ಮುಗಿದ ಕೆಂಪುಕಲ್ಲಿನ ಕೋರೆಯ ಹೊಂಡಕ್ಕೆ ಸುತ್ತಲಿನ ನೀರು ತಿರುಗಿಸಿದರೂ ಅದು ಮದಕದ ಕೆಲಸವನ್ನೇ ಮಾಡುತ್ತದೆ. ಚಾಲ್ತಿಯಲ್ಲಿರುವ ಕೋರೆ ಮಾತ್ರ ಸುರಂಗಕ್ಕೆ ಶತ್ರು: ನೀರು ಹಿಡಿಯಬೇಕಾದ ಕಲ್ಲೇ ಲಾರಿ ಹತ್ತಿ ಹೋಗುತ್ತಿರುತ್ತದೆ.

ಎಲ್ಲಿ ಇಂಗಿಸಬಾರದು ಎಂಬುದೂ ಅಷ್ಟೇ ಮುಖ್ಯ. ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದಿನ ಬರೆಯ ಮೇಲೆ, ಸುರಂಗದ ನೇರ ಮೇಲ್ಗಡೆ ಗುಂಡಿ ತೋಡಬಾರದು. ಶೇಡಿಗೆ ನೀರು ಹೆಚ್ಚಾದರೆ ಮೇಲಿನ ಮುರಕಲ್ಲಿನ ಸಮೇತ ಜಾರುತ್ತದೆ. ಇತ್ತೀಚಿನ ವರ್ಷಗಳ ಮಳೆಗಾಲದಲ್ಲಿ ಕೇರಳ ಕಂಡ ಭೂಕುಸಿತಗಳ ಬಳಿಕ ಈ ಎಚ್ಚರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ತೋಡಿನಲ್ಲಿ ನೀರು ಹರಿಯುತ್ತಿರುವಾಗಲೇ, ಡಿಸೆಂಬರಿನ ಹೊತ್ತಿಗೆ, ಕಟ್ಟ (ತಾತ್ಕಾಲಿಕ ಅಡ್ಡಗಟ್ಟೆ) ಕಟ್ಟಿದರೆ ಬೈಲಿನ ಬಾವಿಗಳಿಗೆ ಲಾಭ. ಇದೇ ಜಿಲ್ಲೆಯ ಏತಡ್ಕದವರು ಸಾಲಾಗಿ ಕಟ್ಟಗಳನ್ನು ಕಟ್ಟಿ ಹೆಸರಾದವರು. ಆದರೆ ಕಟ್ಟದ ನೀರು ಮೇಲಿನ ಸುರಂಗಕ್ಕೆ ಹತ್ತದು.

ನೀರು ಬಂದ ಮೇಲೆ

1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯಿದೆಯ ಏಳನೆಯ ಸೆಕ್ಷನ್ನಿನ ಪ್ರಕಾರ, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಜಾಗದ ಮಿತಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಜಾಗದ ಒಡೆಯನಿಗಿದೆ. ಸುರಂಗಗಳಲ್ಲಿ ತೊಡಕು ಬರುವುದು ಬಾಯಿ ಒಬ್ಬರ ಜಾಗದಲ್ಲಿದ್ದು ಕೊನೆ ಇನ್ನೊಬ್ಬರ ಗುಡ್ಡದ ಅಡಿಯಲ್ಲಿದ್ದಾಗ, ಅಥವಾ ಪಾಲಾದ ಆಸ್ತಿಯಲ್ಲಿ ಅಣ್ಣನ ಪಾಲಿಗೆ ಸುರಂಗವೂ ತಮ್ಮನ ಪಾಲಿಗೆ ತೋಟವೂ ಬಂದಾಗ. ಹೂಳು ತೆಗೆಯುವ ಮೊದಲೇ ಮಾತು ಮುಗಿಸಬೇಕು. ನೀರು ಬಂದ ಮೇಲೆ ಮಾತು ಕಷ್ಟ. ಕುಡಿಯುವ ನೀರಿನ ವಿಷಯದಲ್ಲಿ ಯಾರನ್ನು ಹತ್ತಿರ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಹಳೆಯ ಲೆಕ್ಕಕ್ಕೆ ಈಗ ಜಾಗವಿಲ್ಲ: 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನ ಚವದಾರ ಕೆರೆಯ ನೀರನ್ನು ಅಂಬೇಡ್ಕರರು ಕುಡಿದದ್ದು ಅದನ್ನು ಮುರಿಯಲೆಂದೇ.

ಹಂಚಿಕೆಯನ್ನು ಲೀಟರಿನಲ್ಲಿ ಮಾಡುವುದಕ್ಕಿಂತ ಹೊತ್ತಿನಲ್ಲಿ ಮಾಡುವುದು ಲೇಸು, ಏಕೆಂದರೆ ಬೇಸಗೆಯಲ್ಲಿ ಹರಿವು ಇಳಿದಾಗ ಎಲ್ಲರ ಪಾಲೂ ಸಮನಾಗಿ ಇಳಿಯುತ್ತದೆ. ಓಮಾನಿನ ಫಲಜ್ ಕಾಲುವೆಗಳಲ್ಲಿ ಹಗಲು ನೆರಳುಗಡಿಯಾರ ನೋಡಿ, ಇರುಳು ನಕ್ಷತ್ರ ನೋಡಿ ಸರದಿ ಹಂಚುತ್ತಿದ್ದರು. ನಮಗೆ ಗೋಡೆಯ ಗಡಿಯಾರ ಸಾಕು. ಎರಡು ಮನೆಗಳಿದ್ದರೆ ಸಂಜೆ ಆರರಿಂದ ಬೆಳಗ್ಗೆ ಆರರ ನೀರು ಒಂದು ವಾರ ಒಬ್ಬರಿಗೆ, ಮರುವಾರ ಇನ್ನೊಬ್ಬರಿಗೆ ಎಂದು ಬರೆದಿಡಬಹುದು. ಕಾಗದದಲ್ಲಿ ಇನ್ನೂ ಮೂರು ಸಂಗತಿ ಸೇರಬೇಕು: ವರ್ಷಕ್ಕೊಮ್ಮೆ ಪತ್ತನಾಜೆಯ ಮೊದಲು ಕಟ್ಟೆಯ ಕೆಸರು ಬಿಡುವ ಸರದಿ ಯಾರದು, ಕುಸಿತವಾದರೆ ಖರ್ಚು ಯಾವ ಪ್ರಮಾಣದಲ್ಲಿ, ಮತ್ತು ಎರಡೂ ಕಡೆಯವರ ಒಪ್ಪಿಗೆಯಿಲ್ಲದೆ ಸುರಂಗದ ಸಮೀಪ ಕೊಳವೆಬಾವಿ ತೋಡಿಸುವಂತಿಲ್ಲ ಎಂಬ ಷರತ್ತು. ತಿಂಗಳ ಹರಿವಿನ ಅಳತೆಯ ಹಾಳೆಯನ್ನು ಅದರ ಜೊತೆಗೇ ಹೊಲಿದಿಟ್ಟರೆ, ನೀರು ಕಡಿಮೆಯಾಯಿತೆಂದು ಯಾರಾದರೂ ಹೇಳಿದಾಗ ಹಿಂದಿನ ವರ್ಷದ ಅದೇ ತಿಂಗಳಿನ ಅಂಕಿಯನ್ನು ತೆಗೆದು ನೋಡಬಹುದು.